ಪುತ್ತೂರಿನ ಬೀಜ, ಗಿರಿಯ ಹಣ್ಣು, ಒಂದು ಲೋಟ

ನಮ್ಮ ಮನೆ ಇರುವುದು ದಕ್ಷಿಣ ಕನ್ನಡದ ವಿಟ್ಲದ ಹತ್ತಿರ, ಅಡಿಕೆ ತೋಟದ ನಡುವೆ. ಬಚ್ಚಲುಮನೆಯ ಹಿಂದೆ ಒಂದೇ ಒಂದು ಕೋಕೊ ಮರ ಇದೆ. ಒಂದು ಕಾಲದಲ್ಲಿ ಇಂಥವು ಮುನ್ನೂರು ಇದ್ದವು. ಉಳಿದವು ಎಲ್ಲಿ ಹೋದವು ಎಂದು ನಮ್ಮ ಮನೆಯಲ್ಲಿ ಯಾರೂ ಅಪ್ಪನನ್ನು ಕೇಳುವುದಿಲ್ಲ.

ಮೊನ್ನೆ ಬೇಸಿಗೆ ರಜೆಯಲ್ಲಿ ಪಿ.ಯು.ಸಿ. ಓದುವ ಮಗಳು ಟಿ.ವಿ.ಯಲ್ಲಿ ಒಂದು ಪಾನೀಯ ನೋಡಿದಳು. ಉದ್ದ ಕಾಲಿನ ಗಾಜಿನ ಲೋಟ. ತಳದಲ್ಲಿ ರಾಸ್‌ಬೆರಿಯ ಕೆಂಪು, ಮೇಲೆ ಚಾಕೊಲೇಟಿನ ಕಂದು. ಊಟವಾದ ಮೇಲೆ ಸಿಹಿತಿಂಡಿಯ ಬದಲು ಕುಡಿಯುವ ಕಾಕ್‌ಟೇಲ್ ಅಂತೆ. “ಅಪ್ಪಾ, ಇದನ್ನು ನಾವೇ ಮಾಡೋಣವಾ?” ಎಂದಳು. “ಅದಕ್ಕೆ ಹೆಂಡ ಹಾಕುತ್ತಾರಲ್ಲ?” ಎಂದು ಒಳಗಿನಿಂದ ಅವಳಮ್ಮನ ದನಿ ಬಂತು. “ಹಾಕದಿದ್ದರಾಯಿತು” ಎಂದೆ. ಚಾಕೊಲೇಟು ಪುತ್ತೂರಿನಲ್ಲೇ ಸಿಗುತ್ತದೆ. ರಾಸ್‌ಬೆರಿ ಎಲ್ಲಿಂದ ತರುವುದು? ಹೀಗೆ ಒಂದು ಲೋಟದ ನೆಪದಲ್ಲಿ ನಮ್ಮ ರಜೆಯ ತಿರುಗಾಟ ಶುರುವಾಯಿತು.

ತೋಟದ ನೆರಳಿನ ಪರದೇಶಿ

ಕೋಕೊ ನಮ್ಮ ದೇಶದ ಗಿಡವಲ್ಲ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. 1753ರಲ್ಲಿ ಲಿನೇಯಸ್ ಇದಕ್ಕೆ ಥಿಯೊಬ್ರೋಮ ಎಂಬ ಕುಲನಾಮ ಕೊಟ್ಟ. ‘ದೇವತೆಗಳ ಆಹಾರ’ ಎಂದು ಅದರ ಅರ್ಥ. ಕಾಡಿನಲ್ಲಿ ದೊಡ್ಡ ಮರಗಳ ಅಡಿಯಲ್ಲಿ ಬೆಳೆದು ಅಭ್ಯಾಸವಾದ್ದರಿಂದ ಇದಕ್ಕೆ ನೆರಳು ಬೇಕು. ಅಡಿಕೆ ತೋಟದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಅಡಿಕೆಗೆ ಹಾಕಿದ ನೀರೇ ಇದಕ್ಕೂ ಸಾಕು. ಉದುರಿಸಿದ ಎಲೆ ಮಣ್ಣಿಗೆ ಗೊಬ್ಬರ. 1956ರಲ್ಲಿ ಅಡಿಕೆಗೆಂದೇ ಹುಟ್ಟಿದ ವಿಟ್ಲದ ಸಂಶೋಧನಾ ಕೇಂದ್ರವು ಆಮೇಲೆ ಕೋಕೊವನ್ನೂ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ.

ಮಕ್ಕಳೇ, ಕೋಕೊ ಮರ ಕಂಡರೆ ಹತ್ತಿರ ಹೋಗಿ ನೋಡಿ. ಹೂ ಬಿಡುವುದು ತುದಿಯ ಕೊಂಬೆಯಲ್ಲಲ್ಲ, ಹಲಸಿನ ಹಾಗೆ ಕಾಂಡದ ಮೈಯಲ್ಲಿ. ಹೂವು ಉಗುರಿಗಿಂತ ಸಣ್ಣದು. ಪರಾಗಸ್ಪರ್ಶ ಮಾಡುವುದು ಜೇನಲ್ಲ, ಕಣ್ಣಿಗೆ ಸರಿಯಾಗಿ ಕಾಣದಂಥ ನುಸಿ. ಆ ನುಸಿ ಮರಿ ಮಾಡುವುದು ಕೊಳೆತ ಎಲೆಯ ನಡುವೆ. ತೋಟವನ್ನು ಅಂಗಳದಂತೆ ಗುಡಿಸಿಟ್ಟರೆ ನುಸಿಯೂ ಕಡಿಮೆ, ಚಾಕೊಲೇಟೂ ಕಡಿಮೆ!

ನನ್ನ ಅಪ್ಪ ಕೋಕೊ ನೆಟ್ಟದ್ದು 1970ರ ದಶಕದಲ್ಲಿ. ಕಂಪೆನಿಯೊಂದು ಗಿಡ ಕೊಟ್ಟು, ಬೀಜ ಕೊಳ್ಳುತ್ತೇವೆ ಎಂದಿತ್ತು. ಕಾಯಿ ಒಡೆದಾಗ ಬೀಜದ ಸುತ್ತಲಿನ ಬಿಳಿ ತಿರುಳನ್ನು ನಾವು ಮಕ್ಕಳು ಚೀಪುತ್ತಿದ್ದೆವು. ಹುಳಿ ಸಿಹಿ, ಮಂಗಗಳಿಗೂ ನಮಗೂ ಸಮಾನ ಇಷ್ಟ. ಈ ಬೀಜದಿಂದ ಚಾಕೊಲೇಟು ಆಗುತ್ತದೆ ಎಂದು ಕೇಳಿದ್ದೆವೇ ಹೊರತು ಚಾಕೊಲೇಟು ಹೇಗಿರುತ್ತದೆಂದು ನಮಗೆ ಗೊತ್ತಿರಲಿಲ್ಲ.

1980ರ ಹೊತ್ತಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಹಸಿ ಬೀಜ ಎರಡು ದಿನಕ್ಕಿಂತ ಹೆಚ್ಚು ಇಡುವಂಥ ಮಾಲಲ್ಲ. ಅಂಗಳದಲ್ಲಿ ರಾಶಿ ಬಿದ್ದು ಹುಳಿನಾತ ಹೊಡೆಯುತ್ತಿದ್ದುದು ಈಗಲೂ ನೆನಪಿದೆ. ಒಂದು ಬೆಳಿಗ್ಗೆ ಅಪ್ಪ ಕೊಡಲಿ ತೆಗೆದುಕೊಂಡು ತೋಟಕ್ಕೆ ಇಳಿದರು. ನಾಲ್ಕು ದಿನದಲ್ಲಿ ತೋಟ ಬಯಲಾಯಿತು. ಬಚ್ಚಲಿನ ಹಿಂದಿನದು ಅಮ್ಮ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ ಮರ, ಅದೊಂದು ಉಳಿಯಿತು.

ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ. ರೈತರ ಕೋಕೊ ಕೇಳುವವರಿಲ್ಲದಾದಾಗ ಅದು ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಏನು ಮಾಡುವುದು? ನಾವೇ ಚಾಕೊಲೇಟು ಮಾಡೋಣ ಎಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಿತು. 1986ರ ಸೆಪ್ಟೆಂಬರಿನಲ್ಲಿ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ನಮ್ಮ ತೋಟದ ಮರಗಳಿಗೆ ಮಾತ್ರ ಅದು ತಡವಾಗಿತ್ತು. ಅಪ್ಪನಿಗೆ ಈಗ ಎಂಬತ್ತನಾಲ್ಕು. ಇವತ್ತಿನವರೆಗೆ ಒಂದು ತುಂಡು ಚಾಕೊಲೇಟು ಬಾಯಿಗಿಟ್ಟವರಲ್ಲ.

ಹೆಂಡ ಬಂದು ಹೋದ ಕಥೆ

ಕಾರ್ಖಾನೆಯ ಬದಿಯ ರಸ್ತೆಯಲ್ಲಿ ಹೋಗುವಾಗ ಹುರಿದ ಕೋಕೊದ ಪರಿಮಳ ಬಂದರೆ ಸ್ಕೂಟರಿನ ವೇಗ ತಾನಾಗಿಯೇ ಇಳಿಯುತ್ತದೆ. ಆದರೆ ಹಸಿ ಬೀಜಕ್ಕೆ ಈ ಪರಿಮಳವೇ ಇಲ್ಲ; ಬರೀ ಕಹಿ, ಒಗರು. ಪರಿಮಳದ ಬುನಾದಿ ಬೀಳುವುದು ಹುದುಗುವಾಗ.

ಬೀಜಗಳನ್ನು ತಿರುಳಿನ ಸಮೇತ ಪೆಟ್ಟಿಗೆಯಲ್ಲಿ ರಾಶಿ ಹಾಕಿ ಐದಾರು ದಿನ ಮುಚ್ಚಿಡುತ್ತಾರೆ. ಮೊದಲು ಯೀಸ್ಟ್ ತಿರುಳಿನ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮಾಡುತ್ತದೆ. ರಾಶಿಯನ್ನು ಮಗುಚಿ ಗಾಳಿಯಾಡಿಸಿದಾಗ ಬ್ಯಾಕ್ಟೀರಿಯಾ ಬಂದು ಆ ಆಲ್ಕೊಹಾಲನ್ನು ವಿನೆಗರಿನ ಆಮ್ಲವಾಗಿ ಬದಲಿಸುತ್ತವೆ. ಆಗ ರಾಶಿಯ ಬಿಸಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಬೀಜ ಸಾಯುತ್ತದೆ, ಒಳಗಿನ ಗೋಡೆಗಳು ಒಡೆದು ಹೊಸ ರುಚಿಗಳಿಗೆ ದಾರಿಯಾಗುತ್ತದೆ. ಮುಂದೆ ಒಣಗಿಸುವಾಗ, ಹುರಿಯುವಾಗ ಆಮ್ಲದ ಬಹುಪಾಲು ಹಾರಿಹೋಗುತ್ತದೆ. ಇದನ್ನು ಹೇಳಿ ಮನೆಯವಳಿಗೆ, “ನೋಡು, ಹೆಂಡ ಆಗಲೇ ಬಂದು ತನ್ನ ಕೆಲಸ ಮುಗಿಸಿ ಹೋಗಿದೆ. ಇನ್ನು ಲೋಟಕ್ಕೆ ಬೇರೆ ಹಾಕಬೇಕಾಗಿಲ್ಲ” ಎಂದೆ.

ನಮ್ಮ ಮರದ ನಾಲ್ಕು ಕಾಯಿ ಒಡೆದು ಬಾಳೆಲೆಯಲ್ಲಿ ಕಟ್ಟಿಟ್ಟು ಮಗಳೂ ಪ್ರಯತ್ನಿಸಿದಳು. ಬೂಷ್ಟು ಬಂತು. ಸಣ್ಣ ಗಂಟಿನಲ್ಲಿ ಬಿಸಿ ನಿಲ್ಲುವುದಿಲ್ಲ. ಇದು ರಾಶಿಯ ಕೆಲಸ. ಕೊನೆಗೆ ಪುತ್ತೂರಿನಲ್ಲೇ ತಯಾರಾದ ಕಪ್ಪು ಚಾಕೊಲೇಟನ್ನು ಅಂಗಡಿಯಿಂದ ತಂದೆವು.

ಮೈಸೂರಿನ ಹೆಸರು ಹೊತ್ತ ಹಣ್ಣು

ಇನ್ನು ರಾಸ್‌ಬೆರಿ. ಅದು ಇಂಗ್ಲಿಷ್ ಪಾಠಗಳ ಹಣ್ಣು ಎಂದೇ ನಾನೂ ತಿಳಿದಿದ್ದೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ಸಹಪಾಠಿಯೊಬ್ಬರು ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಫೋನಿನಲ್ಲಿ ವಿಷಯ ಹೇಳಿದಾಗ ನಕ್ಕುಬಿಟ್ಟರು: “ಬಾರಯ್ಯ, ಮೈಸೂರು ರಾಸ್‌ಬೆರಿ ಬೇಲಿಯಲ್ಲೇ ಉಂಟು.”

ಪುತ್ತೂರಿನಿಂದ ಉಪ್ಪಿನಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದೆವು. ಕೆಳಗೆ ಬೆವರು, ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿನ್ನುವಾಗ ತಣ್ಣನೆ ಗಾಳಿ. ಮೂಡಿಗೆರೆ, ಚಿಕ್ಕಮಗಳೂರು ಕಳೆದು ಸಂಜೆಗೆ ಗಿರಿಯ ತಪ್ಪಲು. ಬಾಬಾ ಬುಡನ್ ಅರಬ್ ನಾಡಿನಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂಬ ಐತಿಹ್ಯವಿರುವ ಬೆಟ್ಟವಿದು. ಕಾಫಿಯೂ ಹೊರಗಿನದು, ಕೋಕೊವೂ ಹೊರಗಿನದು. ಮಾರನೆಯ ಬೆಳಿಗ್ಗೆ ಬೇಲಿಯಂಚಿನಲ್ಲಿ ಗೆಳೆಯ ತೋರಿಸಿದ್ದು ಮಾತ್ರ ಅಪ್ಪಟ ನಮ್ಮದು.

ಬೂದಿ ಸವರಿದಂಥ ನೇರಳೆ ಕಾಂಡ, ಕೊಕ್ಕೆ ಮುಳ್ಳು, ಎಲೆ ಮಗುಚಿದರೆ ಅಡಿಯೆಲ್ಲ ಬಿಳಿ. ಅದಕ್ಕೇ ಸಸ್ಯಶಾಸ್ತ್ರಜ್ಞರು ರೂಬಸ್ ನಿವಿಯಸ್, ಅಂದರೆ ‘ಹಿಮದಂತೆ ಬಿಳಿಯ ರೂಬಸ್’ ಎಂದು ಹೆಸರಿಟ್ಟರು. ಬೇರೆ ದೇಶದ ತೋಟಗಾರರಿಗೆ ಇದು ‘ಮೈಸೂರು ರಾಸ್‌ಬೆರಿ’. ಯುರೋಪಿನ ರಾಸ್‌ಬೆರಿಗೆ ಚಳಿಗಾಲ ಬೇಕು. ಸೆಕೆಯ ಫ್ಲಾರಿಡಾದಲ್ಲಿ ಅದರ ಬದಲು ಇದನ್ನು ಬೆಳೆಸುತ್ತಾರೆ. ಆದರೆ ಗ್ಯಾಲಪಗಾಸ್ ದ್ವೀಪಗಳಿಗೆ ಹೋದ ಇದೇ ಗಿಡ ಅಲ್ಲಿನ ಸಸ್ಯಗಳನ್ನು ತುಳಿದು ಹಬ್ಬಿ ದೊಡ್ಡ ಕಳೆಯಾಗಿದೆ. ತನ್ನ ಊರಿನಲ್ಲಿ ಸಾಧು, ಹೊರಗೆ ಪುಂಡ, ಗಿಡಗಳಲ್ಲೂ ಹೀಗುಂಟು.

ಹಣ್ಣು ಮೊದಲು ಕೆಂಪು, ಮಾಗಿದಾಗ ಕಪ್ಪು ನೇರಳೆ. ಕಿತ್ತಾಗ ಅದರ ತಿರುಳುಗಂಬ ಗಿಡದಲ್ಲೇ ಉಳಿದು ಹಣ್ಣು ಟೋಪಿಯ ಹಾಗೆ ಟೊಳ್ಳಾಗಿ ಕೈಗೆ ಬರುತ್ತದೆ. ಬ್ಲ್ಯಾಕ್‌ಬೆರಿಯಲ್ಲಿ ಕಂಬವೂ ಜೊತೆಗೇ ಬರುತ್ತದೆ. ಇವೆರಡನ್ನು ಗುರುತಿಸಲು ಇಷ್ಟು ಸಾಕು. ಇನ್ನೊಂದು ತಮಾಷೆ: ಹೆಸರಿನಲ್ಲಿ ಬೆರಿ ಇದ್ದರೂ ಇದು ಬೆರಿಯಲ್ಲ. ಒಂದೊಂದು ಮಣಿಯೂ ಮಾವಿನಂತೆ ಒಳಗೆ ಗೊರಟಿರುವ ಪುಟ್ಟ ಹಣ್ಣು. ಒಂದೇ ಹೂವಿನ ಹಲವು ಅಂಡಾಶಯಗಳು ಗುಂಪಾಗಿ ಹಣ್ಣಾದದ್ದು. ಒಂದು ಎಚ್ಚರಿಕೆ: ಬಲ್ಲವರು ಜೊತೆಗಿಲ್ಲದೆ ಕಾಡಿನ ಯಾವ ಹಣ್ಣನ್ನೂ ಬಾಯಿಗಿಡಬೇಡಿ.

ಸ್ಟೀಲ್ ಡಬ್ಬಿಯಲ್ಲಿ ತುಂಬಿದ ಹಣ್ಣು ಮಧ್ಯಾಹ್ನಕ್ಕೆ ಅರ್ಧ ರಸವಾಗಿತ್ತು. ಟೊಳ್ಳು ಹಣ್ಣಿಗೆ ತನ್ನ ಭಾರವೇ ಹೆಚ್ಚು. ನಮ್ಮ ಪೇಟೆಗಳಲ್ಲಿ ರಾಸ್‌ಬೆರಿ ಏಕೆ ಅಪರೂಪ ಎಂಬುದಕ್ಕೆ ಉತ್ತರ ಡಬ್ಬಿಯಲ್ಲೇ ಇತ್ತು. ಗೆಳೆಯನ ಮನೆಯ ಒಲೆಯ ಮೇಲೆಯೇ ಸಕ್ಕರೆ ಹಾಕಿ ಕುದಿಸಿ, ಸೋಸಿ, ಸೀಸೆ ತುಂಬಿಸಿಕೊಂಡು ಘಾಟಿ ಇಳಿದೆವು.

ಎರಡು ಸೋಲು, ಒಂದು ಲೋಟ

ಮನೆಯಲ್ಲಿ ಮೊದಲ ಸಲ ಬಿಸಿ ಚಾಕೊಲೇಟು ಹಾಲನ್ನು ಹಣ್ಣಿನ ರಸಕ್ಕೆ ಸುರಿದೆ. ಕ್ಷಣದಲ್ಲಿ ಹಾಲು ಒಡೆಯಿತು. ರಸಾಯನಶಾಸ್ತ್ರದ ಮೇಷ್ಟ್ರು ಇಷ್ಟು ಮರೆಯಬಾರದಿತ್ತು! ಹಾಲಿನ ಕೇಸಿನ್ ಎಂಬ ಪ್ರೋಟೀನು ಪಿ.ಎಚ್. 4.6ರ ಬಳಿ ಗಡ್ಡೆ ಕಟ್ಟುತ್ತದೆ, ಬಿಸಿಯಿದ್ದರೆ ಇನ್ನೂ ಬೇಗ. ರಾಸ್‌ಬೆರಿ ಅದಕ್ಕಿಂತ ಹುಳಿ.

ಎರಡನೆಯ ಸಲ ಚಾಕೊಲೇಟನ್ನು ಹಬೆಯಲ್ಲಿ ಕರಗಿಸುವಾಗ ಮುಚ್ಚಳದಿಂದ ನಾಲ್ಕು ಹನಿ ನೀರು ಬಿತ್ತು. ನಯವಾಗಿದ್ದದ್ದು ಜೇಡಿಮಣ್ಣಿನಂತೆ ಗಟ್ಟಿಯಾಯಿತು. ಚಾಕೊಲೇಟೆಂದರೆ ಕೊಬ್ಬಿನಲ್ಲಿ ಹರಡಿದ ಸಕ್ಕರೆ ಮತ್ತು ಕೋಕೊ ಪುಡಿ. ಸ್ವಲ್ಪ ನೀರು ಬಿದ್ದರೆ ಸಕ್ಕರೆ ಒದ್ದೆಯಾಗಿ ಕಣಗಳು ಒಂದಕ್ಕೊಂದು ಅಂಟುತ್ತವೆ. ಪರಿಹಾರ ವಿಚಿತ್ರ: ಇನ್ನಷ್ಟು ಬಿಸಿ ಹಾಲು ಹಾಕಿ ಕಲಕಿದರೆ ಮತ್ತೆ ನಯವಾಗುತ್ತದೆ.

ಮೂರನೆಯ ಸಲ ಆಯಿತು. ನಾಲ್ಕು ಸಣ್ಣ ಲೋಟಕ್ಕೆ ಲೆಕ್ಕ ಹೀಗೆ:

200 ಗ್ರಾಂ ಹಣ್ಣು, 100 ಗ್ರಾಂ ಸಕ್ಕರೆ, ಕಾಲು ಲೋಟ ನೀರು. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಬೀಜ ಹೋಗುವಂತೆ ಸೋಸಿ, ಆರಿಸಿ. ಪೇಟೆಯಲ್ಲಿ ಸಿಗುವ ಶೈತ್ಯೀಕರಿಸಿದ ರಾಸ್‌ಬೆರಿಯೂ ಆದೀತು. ಅದೂ ಇಲ್ಲದಿದ್ದರೆ ಮಾಗಿದ ಹಿಪ್ಪುನೇರಳೆ ಹಣ್ಣಿಗೆ ಅರ್ಧ ನಿಂಬೆ ಹಿಂಡಿ.

100 ಗ್ರಾಂ ಕಪ್ಪು ಚಾಕೊಲೇಟನ್ನು ಸಣ್ಣಗೆ ಕತ್ತರಿಸಿ. ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿಯಾದ 100 ಮಿಲಿ ಹಾಲು ಸುರಿದು ಎರಡು ನಿಮಿಷ ಬಿಟ್ಟು ಕಲಕಿ. ಚಿಟಿಕೆ ಉಪ್ಪು ಸೇರಿಸಿ. ಆಮೇಲೆ ಕಾಯಿಸಿ ಆರಿಸಿದ 300 ಮಿಲಿ ಹಾಲು ಬೆರೆಸಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ.

ಲೋಟದ ತಳಕ್ಕೆ ಎರಡು ದೊಡ್ಡ ಚಮಚ ತಣ್ಣನೆ ಹಣ್ಣಿನ ಪಾಕ. ಅದರ ಮೇಲೆ ಚಮಚದ ಬೆನ್ನಿನಿಂದ ಮೆಲ್ಲಗೆ ಚಾಕೊಲೇಟು ಹಾಲು ಇಳಿಸಿ. ಸಕ್ಕರೆ ಪಾಕದ ಸಾಂದ್ರತೆ ಹೆಚ್ಚು. ಹಾಗಾಗಿ ಎರಡು ಬಣ್ಣ ಬೇರೆಬೇರೆಯಾಗಿ ನಿಲ್ಲುತ್ತವೆ. ಎರಡೂ ತಣ್ಣಗಿದ್ದು, ಸೇರುವುದು ಗೆರೆಯಲ್ಲಿ ಮಾತ್ರವಾದ್ದರಿಂದ ಹಾಲು ಬೇಗ ಒಡೆಯುವುದಿಲ್ಲ. ಕಲಕಿದ ಕೂಡಲೇ ಕುಡಿಯಬೇಕು. ಪಾಕದ ಒಂದು ಹನಿಗೆ ಅಡುಗೆ ಸೋಡಾದ ನೀರು ಹಾಕಿ ನೋಡಿ. ಕೆಂಪು ನೀಲಿಯತ್ತ ತಿರುಗುತ್ತದೆ. ಶಾಲೆಯಲ್ಲಿ ದಾಸವಾಳದ ರಸದಿಂದ ಮಾಡುವ ಪ್ರಯೋಗವೇ ಇದು.

ಅಂದ ಹಾಗೆ, ಚಾಕೊಲೇಟು ಹುಟ್ಟಿದ್ದೇ ಕುಡಿಯಲು. ಮಾಯಾ, ಅಜ್ಟೆಕ್ ಜನ ಅದನ್ನು ನೊರೆ ಬರಿಸಿ, ಮೆಣಸು ಹಾಕಿ ಕುಡಿಯುತ್ತಿದ್ದರು. ಕಚ್ಚಿ ತಿನ್ನುವ ಚಾಕೊಲೇಟು ಇಂಗ್ಲೆಂಡಿನಲ್ಲಿ ಬಂದದ್ದು 1847ರಲ್ಲಷ್ಟೇ.

ಆ ಸಂಜೆ ಜಗಲಿಯಲ್ಲಿ ಕುಳಿತ ಅಪ್ಪನ ಮುಂದೆ ಮಗಳು ನಾಲ್ಕನೆಯ ಲೋಟ ಇಟ್ಟಳು. “ಏನಿದು?” “ಹಣ್ಣಿನ ರಸ, ಹಾಲು” ಎಂದಳು. ಸುಳ್ಳು ಹೇಳಬಾರದೆಂದು ನಾನೇ ಮುಂದುವರಿಸಿದೆ: “ಕೋಕೊ ಕೂಡ ಉಂಟು.” ಅಪ್ಪ ಲೋಟವನ್ನು ಸ್ವಲ್ಪ ದೂರ ಸರಿಸಿದರು. ಯಾರೂ ಮಾತಾಡಲಿಲ್ಲ. 2024ರಲ್ಲಿ ಲೋಕದ ಪೇಟೆಯಲ್ಲಿ ಕೋಕೊ ಟನ್ನಿಗೆ ಹತ್ತು ಸಾವಿರ ಡಾಲರು ದಾಟಿದಾಗ ನೆರೆಮನೆಯವರು ಬಂದು ಹೇಳಿದ್ದಕ್ಕೂ ಅವರು ಹೀಗೆಯೇ ಸುಮ್ಮನಿದ್ದರು. ಮರು ವರ್ಷ ಬೆಲೆ ಇಳಿದಾಗಲೂ ಏನೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಲೋಟ ಕೈಗೆತ್ತಿಕೊಂಡರು. ಎರಡು ಗುಟುಕು ಕುಡಿದು ಮೀಸೆ ಒರೆಸಿಕೊಂಡರು.

“ನಮ್ಮ ಬೀಜದ್ದಾ?”

“ನಮ್ಮದಲ್ಲ. ಪುತ್ತೂರಿನದು. ಈ ಸುತ್ತಿನ ತೋಟದವರದೇ ಇರಬಹುದು.”

“ಕಹಿ ಉಂಟು” ಎಂದರು. ಉಳಿದದ್ದನ್ನೂ ಕುಡಿದರು. ಲೋಟ ಕೆಳಗಿಟ್ಟು, ಬಚ್ಚಲಿನ ಕಡೆ ನೋಡಿ ನನ್ನನ್ನು ಕೇಳಿದರು: “ಈ ಬಿಸಿಲಿಗೆ ಆ ಮರಕ್ಕೆ ನೀರು ಬಿಟ್ಟಿದ್ದೀಯಾ?”

ಬಿಟ್ಟಿರಲಿಲ್ಲ. ಎದ್ದು ಹೋಗಿ ಬಿಟ್ಟು ಬಂದೆ.