ತದಡಿಯ ದಡದಲ್ಲಿ ಹತ್ತು ನಿಮಿಷದ ಚಟ್ನಿ

ಕುಮಟಾದಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ದೀವಗಿಯ ಸೇತುವೆ, ಮಿರ್ಜಾನ್, ಹಿರೇಗುತ್ತಿಗಳನ್ನು ದಾಟಿ ಮಾದನಗೇರಿ ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳುವ ಬಸ್ಸಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಗೋಕರ್ಣದ ಮಹಾಬಲೇಶ್ವರನ ದರ್ಶನಕ್ಕೋ, ಓಂ ಬೀಚಿಗೋ ಹೋಗುವವರು. ಅವರ ಪಾಲಿಗೆ ನಡುವಿನ ಊರುಗಳು ಬರೀ ನಿಲ್ದಾಣದ ಹೆಸರುಗಳು. ಆದರೆ ಅವೇ ಊರುಗಳ ಆಸುಪಾಸಿನಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರವಿದೆ, ಅಘನಾಶಿನಿಯ ಅಳಿವೆಯಿದೆ, ತದಡಿಯ ಮೀನುದಕ್ಕೆಯಿದೆ. ಈ ಮೂರನ್ನೂ ಒಂದೇ ತುತ್ತಿನಲ್ಲಿ ಸವಿಯಬೇಕೆಂದರೆ ಒಣಸೀಗಡಿಯ ಚಟ್ನಿಯನ್ನು ತಿನ್ನಬೇಕು.

ಸೀಗಡಿಗೆ ಕರಾವಳಿಯಲ್ಲಿ ಹತ್ತಾರು ಹೆಸರು. ತುಳುವರಿಗೆ ಅದು ಎಟ್ಟಿ, ಕೊಂಕಣಿಗರಿಗೆ ಸುಂಗಟ, ಇಲ್ಲಿಯವರ ಬಾಯಲ್ಲಿ ಶೆಟ್ಲಿ. ಒಣಗಿಸಿದ ಪುಟಾಣಿ ಸೀಗಡಿಗೆ ಕೊಂಕಣಿಯಲ್ಲಿ ಗಾಲ್ಮೊ ಎಂಬ ಬೇರೆ ಹೆಸರೇ ಉಂಟು. ಹೆಸರು ಯಾವುದಾದರೇನು, ಮಳೆಗಾಲದಲ್ಲಿ ಗಂಜಿಯ ಬಟ್ಟಲಿನ ಪಕ್ಕದಲ್ಲಿ ಚಿಟಿಕೆಯಷ್ಟು ಈ ಚಟ್ನಿ ಇದ್ದರೆ ಬೇರೆ ಪದಾರ್ಥ ಬೇಡ.

ಹೊಳೆಯೆಂಬ ತೊಟ್ಟಿಲು

ಅಘನಾಶಿನಿ ಹುಟ್ಟುವುದು ಘಟ್ಟದ ಮೇಲೆ, ಶಿರಸಿಯ ಸೀಮೆಯಲ್ಲಿ. ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕಾಡು ಕಣಿವೆಗಳನ್ನು ಹಾಯ್ದು, ಸುಮಾರು 120 ಕಿಲೋಮೀಟರು ಹರಿದು ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. ದಾರಿಯುದ್ದಕ್ಕೂ ಇದನ್ನು ತಡೆದು ನಿಲ್ಲಿಸಿದ ದೊಡ್ಡ ಅಣೆಕಟ್ಟೆ ಒಂದೂ ಇಲ್ಲ. ಪಶ್ಚಿಮಘಟ್ಟದ ನದಿಗಳಲ್ಲಿ ಇಂಥ ಭಾಗ್ಯ ಎಲ್ಲಕ್ಕೂ ಇಲ್ಲ.

ಸೇರುವ ಮೊದಲು ಹೊಳೆ ಅಗಲವಾಗಿ ಹರಡಿಕೊಳ್ಳುತ್ತದೆ. ಉಬ್ಬರದಲ್ಲಿ ಉಪ್ಪುನೀರು ಒಳನುಗ್ಗುತ್ತದೆ, ಇಳಿತದಲ್ಲಿ ಸಿಹಿನೀರು ಅದನ್ನು ಹೊರದಬ್ಬುತ್ತದೆ. ದಿನಕ್ಕೆರಡು ಬಾರಿ ನಡೆಯುವ ಈ ಎಳೆದಾಟದಿಂದ ಚೌಳು ನೀರಿನ ವಿಸ್ತಾರವಾದ ಅಳಿವೆ ಉಂಟಾಗಿದೆ. ಇಲ್ಲಿನ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ, ಉಪ್ಪನ್ನು ತಾಳಿಕೊಳ್ಳುವ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸೀಗಡಿ, ಮೀನು ಹಿಡಿಯುತ್ತಾರೆ.

ಸೀಗಡಿಯ ಬದುಕಿಗೂ ಈ ಅಳಿವೆಗೂ ಬಿಡಿಸಲಾಗದ ನಂಟು. ನಾವು ತಿನ್ನುವ ಹಲವು ಜಾತಿಯ ಸೀಗಡಿಗಳು ಮೊಟ್ಟೆಯಿಡುವುದು ಸಮುದ್ರದಲ್ಲಿ. ಕಣ್ಣಿಗೆ ಕಾಣಿಸದಷ್ಟು ಚಿಕ್ಕ ಮರಿಗಳು ಉಬ್ಬರದ ನೀರಿನೊಂದಿಗೆ ಅಳಿವೆಗೆ ಬಂದು, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಅಡಗಿ, ಕೆಸರಿನ ಆಹಾರ ತಿಂದು ಬೆಳೆಯುತ್ತವೆ. ಬಲಿತ ಮೇಲೆ ಮತ್ತೆ ಕಡಲಿಗೆ ಮರಳುತ್ತವೆ. ಕಡಲು ತವರಾದರೆ ಹೊಳೆ ತೊಟ್ಟಿಲು. ತೊಟ್ಟಿಲು ಮುರಿದರೆ ಕಡಲಿನಲ್ಲಿ ಬಲೆ ಬೀಸಿ ಏನು ಫಲ?

ಉಪ್ಪಿನ ಆಗರ

ಸಾಣಿಕಟ್ಟಾದ ಆಗರವನ್ನು ನೋಡಲು ಮಾರ್ಚ್, ಏಪ್ರಿಲ್ ತಿಂಗಳು ಒಳ್ಳೆಯದು. ಕಟ್ಟೆ ಕಟ್ಟಿದ ಚೌಕ ಚೌಕದ ಪಾತಿಗಳು, ಅವುಗಳ ಅಂಚಿನಲ್ಲಿ ಮಾಸಲು ಬಿಳಿಯ ಉಪ್ಪಿನ ಗುಪ್ಪೆಗಳು. ತಲೆತಲಾಂತರದಿಂದ ಈ ಕೆಲಸದಲ್ಲಿ ಪಳಗಿದ ಆಗೇರರು ಉದ್ದ ಹಿಡಿಕೆಯ ಹಲಗೆಯಿಂದ ಉಪ್ಪನ್ನು ದಡಕ್ಕೆ ಎಳೆಯುತ್ತಿರುತ್ತಾರೆ. ನೆತ್ತಿಯ ಮೇಲೆ ಸೂರ್ಯ, ಕಾಲ ಕೆಳಗೆ ಕಣ್ಣು ಕುಕ್ಕುವ ಪ್ರತಿಫಲನ.

ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ನಮ್ಮ ಅಡುಗೆಯ ಉಪ್ಪು ಸುಮಾರು 27 ಗ್ರಾಂ. ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಸಾಗುತ್ತ ಆವಿಯಾದಂತೆ ಮೊದಲು ಸುಣ್ಣ, ಜಿಪ್ಸಂ ತಳ ಸೇರುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಮ್ ಲವಣಗಳಿರುತ್ತವೆ. ಅದನ್ನು ಹೊರಗೆ ಬಿಡುವ ಹೊತ್ತು ತಿಳಿದವನೇ ಒಳ್ಳೆಯ ಉಪ್ಪು ತೆಗೆಯುವವನು. ಇದನ್ನು ಪ್ರಯೋಗಶಾಲೆಯಲ್ಲಿ ಆಂಶಿಕ ಸ್ಫಟಿಕೀಕರಣ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆಗರದವರು ಅದನ್ನು ನೀರಿನ ಬಣ್ಣ ನೋಡಿ ಹೇಳುತ್ತಾರೆ.

ಈ ಜಿಲ್ಲೆಯಲ್ಲಿ ಉಪ್ಪೆಂದರೆ ಬರೀ ರುಚಿಯಲ್ಲ. 1930ರ ಏಪ್ರಿಲ್ 13ರಂದು ನೆರೆಯ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದ ಜನರ ನೆಲ ಇದು.

ದಡದ ಒಣಮೀನು

ತದಡಿಯಲ್ಲಿ ದೋಣಿ ಬಂದ ಹೊತ್ತಿಗೆ ದಕ್ಕೆಗೆ ಹೋದರೆ ಮಾತು ಕೇಳಿಸದಷ್ಟು ಗದ್ದಲ. ದೊಡ್ಡ ಮೀನು ಹರಾಜಾಗಿ ಮಂಜುಗಡ್ಡೆಯೊಳಗೆ ಸೇರಿ ಲಾರಿ ಹತ್ತುತ್ತದೆ. ಉಳಿದ ಸಣ್ಣಪುಟ್ಟದ್ದು ಹೆಂಗಸರ ಬುಟ್ಟಿಗೆ. ಅವರು ಅದನ್ನು ತೊಳೆದು ದಡದಲ್ಲಿ ಹರವುತ್ತಾರೆ.

ಬಂಗಡೆಯಂಥ ದಪ್ಪ ಮೀನನ್ನು ಸೀಳಿ ಉಪ್ಪು ತುಂಬಲೇಬೇಕು; ಇಲ್ಲದಿದ್ದರೆ ಹೊರಗೆ ಒಣಗುವಷ್ಟರಲ್ಲಿ ಒಳಗೆ ಕೊಳೆಯುತ್ತದೆ. ಪುಟ್ಟ ಸೀಗಡಿಗೆ ಉಪ್ಪಿನ ಹಂಗಿಲ್ಲ. ಗಾತ್ರ ಕಿರಿದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಹಾಗಾಗಿ ನೀರು ಬೇಗ ಆರುತ್ತದೆ. ನಾಲ್ಕೈದು ಕಿಲೋ ಹಸಿ ಸೀಗಡಿ ಒಣಗಿ ಒಂದು ಕಿಲೋ ಆಗುತ್ತದೆ.

ಹರವಿದ್ದ ಸೀಗಡಿಯನ್ನು ಕೈಯಾಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು, “ಎಷ್ಟು ದಿನ ಬೇಕು ಅಮ್ಮಾ, ಒಣಗಲಿಕ್ಕೆ?” ಎಂದು ಕೇಳಿದೆ. “ಬಿಸಿಲಿದ್ರೆ ಎರಡು ದಿವ್ಸ ಮಾಸ್ತರ್ರೆ. ಮೋಡ ಬಂದ್ರೆ ಎಲ್ಲಾ ವಾಪಸ್ಸು ಹೊಳೆಗೆ” ಎಂದು ನಕ್ಕರು. ಆಮೇಲೆ ಒಂದು ಹಿಡಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ ತೋರಿಸಿದರು. ಚೆನ್ನಾಗಿ ಒಣಗಿದ್ದು ಕಡಲೆಯಂತೆ ಗಲಗಲ ಎನ್ನಬೇಕು. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ದಿನಗಳಿಗಾಗಿ ಮೇ ತಿಂಗಳಲ್ಲೇ ಒಣಮೀನು ಡಬ್ಬಿ ಸೇರುತ್ತದೆ. ದೇವಿಮನೆ ಘಟ್ಟ ಹತ್ತಿ ಶಿರಸಿಯ ಕಡೆಗೂ ಹೋಗುತ್ತದೆ. ಹೊಳೆ ಇಳಿದು ಬಂದ ದಿಕ್ಕಿನಲ್ಲೇ ಅದರ ಸೀಗಡಿ ಹತ್ತಿ ಹೋಗುತ್ತದೆ!

ಚಟ್ನಿಯ ಹದ

ಮಾಡುವ ಬಗೆ ಬಹಳ ಸುಲಭ. ಎರಡು ಹಿಡಿ ಒಣಸೀಗಡಿಯ ತಲೆ, ಬಾಲ ಚಿವುಟಿ, ಗೆರಸಿಯಲ್ಲಿ ಕೇರಿ ಮರಳು ತೆಗೆಯಿರಿ. ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯಿರಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಐದಾರು ಬ್ಯಾಡಗಿ ಮೆಣಸನ್ನೂ ಅದೇ ಕಾವಲಿಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಅರ್ಧ ಹೋಳು ತೆಂಗಿನಕಾಯಿಯ ತುರಿ, ಮೆಣಸು, ಮೂರು ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆ, ಉಪ್ಪು ಇವನ್ನು ನೀರು ಸೋಕಿಸದೆ ತರಿತರಿಯಾಗಿ ರುಬ್ಬಿ. ಕೊನೆಗೆ ಸೀಗಡಿ ಹಾಕಿ ಒಂದೆರಡು ಸುತ್ತು ಸಾಕು. ಹೆಚ್ಚಿದ ಹಸಿ ಈರುಳ್ಳಿ ಬೆರೆಸಿ, ಮೇಲೆ ಒಂದು ಚಮಚ ತೆಂಗಿನೆಣ್ಣೆ ಬಿಡಿ.

ಇಲ್ಲಿ ಹುಣಸೆ ಇರುವುದು ಹುಳಿಗಷ್ಟೇ ಅಲ್ಲ. ಕಡಲಿನ ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್ ಎಂಬ ವಸ್ತು. ಅದು ಪ್ರತ್ಯಾಮ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ ಅದರೊಂದಿಗೆ ಕೂಡಿದಾಗ ಗಾಳಿಗೆ ಹಾರದ ಲವಣವಾಗುತ್ತದೆ, ಮೂಗಿಗೆ ತಟ್ಟುವುದು ಕಡಿಮೆಯಾಗುತ್ತದೆ. ಹುರಿದಾಗ ಬರುವ ಘಮಕ್ಕೆ ಅಮೈನೋ ಆಮ್ಲ ಮತ್ತು ಸಕ್ಕರೆಯ ಅಂಶಗಳ ಸಂಯೋಗ ಕಾರಣವೆಂದು ಫ್ರಾನ್ಸಿನ ಮೇಯಾರ್ ಎಂಬ ವಿಜ್ಞಾನಿ 1912ರಲ್ಲಿ ಮಂಡಿಸಿದ ಪ್ರಬಂಧದಿಂದ ನಮಗೆ ಗೊತ್ತಾಯಿತು. ತದಡಿಯ ಅಜ್ಜಿಯರಿಗೆ ಅದರ ಹದ ಮಾತ್ರ ಮೊದಲಿಂದಲೂ ಗೊತ್ತಿತ್ತು.

ಗಂಜಿಗೆ, ಕುಚಲಕ್ಕಿ ಅನ್ನಕ್ಕೆ ಇದು ಸರಿಯೇ. ಊಟಕ್ಕೆ ಮೊದಲು ಬಾಯಾಡಿಸಲು ಬೇಕಾದರೆ ಅಕ್ಕಿರೊಟ್ಟಿಯ ತುಣುಕಿನ ಮೇಲೆ ಅಥವಾ ಕಾಯಿಸಿದ ಬ್ರೆಡ್ಡಿನ ಮೇಲೆ ತೆಳುವಾಗಿ ಸವರಿ ಕೊಡಬಹುದು. ನೆಂಟರ ಮನೆಯ ಮಕ್ಕಳು ಜಾಮಿನ ಬಾಟಲಿ ಮರೆಯುತ್ತಾರೆ. ಸೀಗಡಿ ಒಗ್ಗದ ಮೈಯವರು ಮಾತ್ರ ದೂರವಿರಬೇಕು.

ಹತ್ತು ನಿಮಿಷದ ಹಿಂದಿನ ದುಡಿಮೆ

ಅಡುಗೆಮನೆಯಲ್ಲಿ ಹತ್ತೇ ನಿಮಿಷ, ನಿಜ. ಆದರೆ ಅದರ ಹಿಂದೆ ಎರಡು ದಿನದ ಬಿಸಿಲು, ಒಂದು ಬೇಸಿಗೆಯ ಉಪ್ಪು, ಅಳಿವೆಯಲ್ಲಿ ಸೀಗಡಿ ಬೆಳೆದ ತಿಂಗಳುಗಳು ಇವೆ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಚಟ್ನಿಯಿಲ್ಲ.

ತಪ್ಪುವ ಲಕ್ಷಣಗಳು ಇಲ್ಲದಿಲ್ಲ. ಅಕಾಲದ ಒಂದು ಮಳೆ ಬಂದರೆ ಆಗರದ ಉಪ್ಪೂ ದಡದ ಮೀನೂ ಒಟ್ಟಿಗೆ ಹಾಳು. ಕರಾವಳಿಯ ಸಣ್ಣ ಮೀನಿನಲ್ಲಿ ಬಹಳಷ್ಟು ಈಗ ಮೀನೆಣ್ಣೆ, ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿಗೆ ಹೋದದ್ದು ಬುಟ್ಟಿಯ ಹೆಂಗಸರಿಗೆ ಸಿಗುವುದಿಲ್ಲ. ತದಡಿಯಲ್ಲಿ ಭಾರಿ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಊರವರು ವಿರೋಧಿಸಿದರು, ಅದು ನಿಂತಿತು. ಹೊಳೆಯ ನೀರನ್ನು ಘಟ್ಟದ ಆಚೆಗೆ ತಿರುಗಿಸುವ ಮಾತು ಆಗಾಗ ಏಳುತ್ತಿರುತ್ತದೆ. ‘ನೀರು ಸುಮ್ಮನೆ ಸಮುದ್ರಕ್ಕೆ ಹೋಗುತ್ತಿದೆ’ ಎನ್ನುವವರು ಒಮ್ಮೆ ಇಲ್ಲಿಗೆ ಬಂದು ನಿಂತು ನೋಡಬೇಕು. ಸಿಹಿನೀರು ಕಡಿಮೆಯಾದರೆ ಅಳಿವೆಯ ಉಪ್ಪು ಏರುತ್ತದೆ, ಕಗ್ಗಕ್ಕೂ ಸೀಗಡಿಮರಿಗೂ ಅದು ಒಗ್ಗುವುದಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಮಾನ್ಯತೆ ಅದು. ಸಂತೋಷವೇ. ಆದರೆ ಪಟ್ಟಿ ಹೊಳೆಯನ್ನು ಕಾಯುವುದಿಲ್ಲ, ಜನ ಕಾಯಬೇಕು.

ಗೋಕರ್ಣಕ್ಕೆ ಹೋದವರು ಅರ್ಧ ದಿನ ಉಳಿಸಿಕೊಂಡು ತದಡಿಗೆ ಬನ್ನಿ. ದೋಣಿಯಲ್ಲಿ ಹೊಳೆ ದಾಟಿ ಆಚೆಯ ಅಘನಾಶಿನಿ ಊರನ್ನೂ ನೋಡಿ. ಮರಳುವಾಗ ದಡದ ಹೆಂಗಸರಿಂದ ಕಾಲು ಕಿಲೋ ಒಣಸೀಗಡಿ, ಸಾಣಿಕಟ್ಟಾದಿಂದ ಒಂದು ಸೇರು ಉಪ್ಪು ಕೊಂಡುಕೊಳ್ಳಿ. ಸೀಗಡಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಲು ಮರೆಯಬೇಡಿ.