ಒಲೆ ಹಚ್ಚದ ರೊಟ್ಟಿ

ಮಕ್ಕಳೇ, ಒಲೆಯನ್ನೇ ಹಚ್ಚದೆ ರೊಟ್ಟಿ ಮಾಡಬಹುದೇ? ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ನನ್ನ ತಲೆಗೂ ಹೊಕ್ಕಿತ್ತು.

ಬೇಯಿಸದ ಆಹಾರವನ್ನಷ್ಟೇ ತಿನ್ನುವ ಜನರಿದ್ದಾರೆ. ಅವರು ಮೊಳಕೆ ಗೋಧಿಯನ್ನು ರುಬ್ಬಿ, ತಟ್ಟಿ, ಬಿಸಿಲಿನಲ್ಲೋ ಸುಮಾರು 45 ಡಿಗ್ರಿ ಸೆಲ್ಸಿಯಸ್ ಶಾಖದ ಪೆಟ್ಟಿಗೆಯಲ್ಲೋ ಒಣಗಿಸಿ ರೊಟ್ಟಿ, ಬಿಸ್ಕತ್ತು ಮಾಡಿಕೊಳ್ಳುತ್ತಾರೆ ಎಂದು ಓದಿದ್ದೆ. ಮುಂದಿನ ವಾರ ಒಂದು ಶಾಲೆಯಲ್ಲಿ ವಿಜ್ಞಾನ ಪ್ರಾತ್ಯಕ್ಷಿಕೆ ಕೊಡಬೇಕಿತ್ತು. ಇದನ್ನೇ ತೋರಿಸೋಣ ಎಂದುಕೊಂಡೆ.

ಗೋಧಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಎರಡು ದಿನಕ್ಕೆ ಕಾಳಿನಷ್ಟೇ ಉದ್ದದ ಮೊಳಕೆ ಬಂತು. ಒಂದು ಕಾಳು ಅಗಿದು ನೋಡಿದೆ. ಸಿಹಿ! ಸಕ್ಕರೆ ಹಾಕಿದವರು ಯಾರು?

ಗೋಧಿ ಕಾಳಿನಲ್ಲಿ ಹೆಚ್ಚಾಗಿ ಇರುವುದು ಪಿಷ್ಟ. ಅದು ಎಳೆಯ ಸಸಿಗೆಂದು ಕೂಡಿಟ್ಟ ಬುತ್ತಿ. ನೀರು ಹೀರಿದ ಬೀಜ ಎಚ್ಚರಗೊಂಡು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಈ ಕಿಣ್ವ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆಯಾಗಿ ಮಾಡುತ್ತದೆ. ಸಿಹಿಯ ಗುಟ್ಟು ಅದೇ.

ಮೊಳಕೆಯನ್ನು ರುಬ್ಬಿ ಕೆಲವನ್ನು ಹಪ್ಪಳದಷ್ಟು ತೆಳ್ಳಗೆ, ಕೆಲವನ್ನು ಬೆರಳಿನಷ್ಟು ದಪ್ಪಗೆ ತಟ್ಟಿ ತಾರಸಿಯ ಮೇಲೆ ಒಣಹಾಕಿದೆ. ಶ್ರಾವಣದ ಮೋಡ, ಬಿಸಿಲು ಬಂದು ಬಂದು ಹೋಗುತ್ತಿತ್ತು. ಸಂಜೆಗೆ ತೆಳ್ಳಗಿನವು ಗರಿಗರಿಯಾದವು. ದಪ್ಪನೆಯವೂ ಮೇಲೆ ಒಣಗಿದ್ದವು. ಮರುದಿನ ಬೆಳಗ್ಗೆ ದಪ್ಪನೆಯದರ ಅಂಚು ಮುರಿದು ತಿಂದೆ. ಸ್ವಲ್ಪ ಹುಳಿ ಎನಿಸಿದರೂ ಲಕ್ಷ್ಯ ಕೊಡಲಿಲ್ಲ. ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಶಾಲೆಗೆ ಹೊರಟೆ.

ಪಾಠ ಮುಗಿಸಿ ರೊಟ್ಟಿ ಹಂಚಲು ಹೊರಟಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದನ್ನು ಮುರಿದು ಮೂಸಿದಳು.

“ಸಾರ್, ಒಳಗೆ ಇನ್ನೂ ಹಸಿ ಇದೆ. ಹಳಸಿದ ಹಿಟ್ಟಿನ ವಾಸನೆ ಬರ್ತಿದೆ.”

ಹೌದು, ಒಳಗೆ ಅಂಟಂಟಾಗಿತ್ತು. ಡಬ್ಬಿ ಮುಚ್ಚಿದೆ. ಆ ರಾತ್ರಿ ನನ್ನ ಹೊಟ್ಟೆ ಕೆಟ್ಟು ನಿದ್ದೆಯಿಲ್ಲ. ಮೂವತ್ತು ಮಕ್ಕಳು ಅದನ್ನು ತಿಂದಿದ್ದರೆ? ಎಂ.ಎಸ್ಸಿ. ಓದಿದ ನನಗೆ ಹೊಳೆಯದ್ದು ಆ ಹುಡುಗಿಯ ಮೂಗಿಗೆ ಹೊಳೆದಿತ್ತು.

ಬೀಜವನ್ನು ಎಬ್ಬಿಸುವ ತೇವ ಮತ್ತು ಬೆಚ್ಚನೆಯ ಹವೆಯೇ ಬ್ಯಾಕ್ಟೀರಿಯಾಗಳನ್ನೂ ಎಬ್ಬಿಸುತ್ತದೆ. ಒಣಗಿಸಿದರೆ ಅವು ಬೆಳೆಯುವುದು ನಿಲ್ಲುತ್ತದೆ, ಆದರೆ ಎಲ್ಲವೂ ಸಾಯುವುದಿಲ್ಲ. 45 ಡಿಗ್ರಿಯ ಶಾಖವೂ ಅವನ್ನು ಕೊಲ್ಲಲು ಸಾಲದು. ಎಲ್ಲ ಬ್ಯಾಕ್ಟೀರಿಯಾಗಳೂ ವಾಸನೆ ಕೊಟ್ಟು ಎಚ್ಚರಿಸುವುದೂ ಇಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 3,800ಕ್ಕೂ ಹೆಚ್ಚು ಜನ ತುತ್ತಾದರು. 50ಕ್ಕೂ ಹೆಚ್ಚು ಜನ ತೀರಿಕೊಂಡರು.

ಅಮ್ಮನಿಗೆ ನಡೆದದ್ದನ್ನು ಹೇಳಿದೆ. “ಮೊಳಕೆ ರಾಗೀನ ಹುರೀದೆ ಬೀಸ್ತಾರೇನಪ್ಪಾ?” ಎಂದು ನಕ್ಕರು. ನಮ್ಮ ಮನೆಗಳಲ್ಲಿ ಮಗುವಿಗೆ ಮಾಡುವ ರಾಗಿ ಹಿಟ್ಟು ನೆನಪಾಯಿತು. ಮೊಳಕೆ ಕಟ್ಟಿ, ತೆಳ್ಳಗೆ ಹರಡಿ ಒಣಗಿಸಿ, ಹುರಿದು, ಬೀಸಿ, ಮತ್ತೆ ಗಂಜಿಯಾಗಿ ಕುದಿಸುತ್ತಾರೆ. ಒಂದೊಂದು ಹಂತವೂ ಒಂದೊಂದು ಕಾವಲು!

ಮುಂದಿನ ವಾರ ಅದೇ ಶಾಲೆಗೆ ಹೋದೆ. ಈ ಸಲ ಹೊಸದಾಗಿ ರುಬ್ಬಿದ ಮೊಳಕೆ ಗೋಧಿಯನ್ನು ತೆಳ್ಳಗೆ ತಟ್ಟಿ, ಬಿಸಿಯೂಟದ ಅಡುಗೆಯವರ ಕಾವಲಿಯ ಮೇಲೆ ಚೆನ್ನಾಗಿ ಬೇಯಿಸಿದೆವು. ಅದೇ ಹುಡುಗಿ ಕೇಳಿದಳು: “ಬೇಯಿಸಿದರೆ ಕಿಣ್ವ ಹಾಳಾಗುತ್ತದಲ್ಲ ಸಾರ್?”

“ಹಾಳಾಗುತ್ತದೆ. ಸಿ ಜೀವಸತ್ವವೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಕಿಣ್ವ ಮಾಡಿಟ್ಟ ಸಕ್ಕರೆ ಉಳಿಯುತ್ತದೆ. ಉಳಿದ ಪಿಷ್ಟವನ್ನು ಕತ್ತರಿಸಲು ನಿನ್ನ ಜೊಲ್ಲಿನಲ್ಲೇ ಅಮೈಲೇಸ್ ಇದೆ” ಎಂದೆ.

ಅವಳು ಮೊದಲು ಮೂಸಿದಳು, ಆಮೇಲೆ ತಿಂದಳು. “ಸಿಹಿ ಇದೆ ಸಾರ್” ಎಂದಳು. ಡಬ್ಬಿ ಖಾಲಿಯಾಯಿತು.

ನೀವೂ ಮಾಡಿ ನೋಡಿ: ದೊಡ್ಡವರ ಸಹಾಯದಿಂದ ಗಟ್ಟಿಯಾದ ರಾಗಿ ಗಂಜಿ ಕಾಯಿಸಿ ಎರಡು ಬಟ್ಟಲಿಗೆ ಹಾಕಿ. ಉಗುರುಬೆಚ್ಚಗಾದ ಮೇಲೆ ಒಂದಕ್ಕೆ ಒಂದು ಚಮಚ ಸಾಧಾರಣ ರಾಗಿ ಹಿಟ್ಟು, ಇನ್ನೊಂದಕ್ಕೆ ಒಂದು ಚಮಚ ಮೊಳಕೆ ಬರಿಸಿ ಒಣಗಿಸಿದ, ಹುರಿಯದ ರಾಗಿ ಹಿಟ್ಟು ಕಲಸಿ. ಕಾಲು ಗಂಟೆ ಬಿಟ್ಟು ಎರಡನ್ನೂ ಚಮಚದಿಂದ ಎತ್ತಿ ಸುರಿಯಿರಿ. ಯಾವುದು ನೀರಾಯಿತು? ಏಕೆ? ಮೊಳಕೆ ಹಿಟ್ಟನ್ನು ಚೆನ್ನಾಗಿ ಹುರಿದು ಹಾಕಿದರೆ ಏನಾಗಬಹುದು? ಗುರುಗಳೊಂದಿಗೆ ಚರ್ಚಿಸಿ. ನೆನಪಿಡಿ, ಈ ಗಂಜಿ ಪ್ರಯೋಗಕ್ಕೆ ಮಾತ್ರ. ಕುಡಿಯಬೇಡಿ.