ಕಿಟ್ಟಿಗೆ ಹುಷಾರಿಲ್ಲ

"ಕಿಟ್ಟಿ ಯಾಕೋ ಮೇಲಕ್ಕೇ ಬಂದು ಬಾಯಿ ಬಾಯಿ ಬಿಡ್ತಿದೆ, ನೋಡೋ" ಅಂತ ಅಮ್ಮ ಕರೆದಾಗ ನಾನು ಮೀಟಿಂಗ್‌ನಲ್ಲಿದ್ದೆ. ಮ್ಯೂಟ್ ಒತ್ತಿ, "ಹಸಿವಾಗಿರುತ್ತೆ ಬಿಡಮ್ಮ" ಅಂದೆ. ಅದು ಬುಧವಾರ. ಮರುದಿನ ಬೆಳಗ್ಗೆ ಕಾಳು ಹಾಕಿದರೆ ಕಿಟ್ಟಿಯೂ ಪುಟ್ಟಿಯೂ ತಿರುಗಿ ನೋಡಲಿಲ್ಲ. ಗೋಲ್ಡ್‌ಫಿಶ್ ಸಾಕಿದವರಿಗೆ ಗೊತ್ತು, ಹೊಟ್ಟೆ ತುಂಬಿದ್ದರೂ ತಿನ್ನೋ ಜಾತಿ ಅದು. ಊಟ ಬಿಟ್ಟಿದೆ ಅಂದ್ರೆ ಏನೋ ಆಗಿದೆ ಅಂತಲೇ ಅರ್ಥ.

ಅಪ್ಪ ಹೋದ ಮೇಲೆ ಅಮ್ಮ ತಿಪಟೂರಿನ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಬಂದು ಐದು ತಿಂಗಳಾಗಿತ್ತು. ನಾನು, ನನ್ನ ಹೆಂಡತಿ ಇಬ್ಬರೂ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದು ಕೂತರೆ ಸಂಜೆವರೆಗೆ ಮಾತಿಲ್ಲ. ಅಡುಗೆಗೆ ಒಬ್ಬರು, ಕಸ ಮುಸುರೆಗೆ ಒಬ್ಬರು ಬರ್ತಾರೆ. ಅಮ್ಮ ಏನು ಮಾಡೋಕೆ ಹೋದರೂ "ನೀನು ಸುಮ್ನೆ ಕೂತ್ಕೋ" ಅನ್ನೋದು ನಮಗೆ ಅಭ್ಯಾಸ ಆಗಿಬಿಟ್ಟಿತ್ತು. ಹಾಲ್‌ನಲ್ಲಿದ್ದ 80 ಲೀಟರ್ ಟ್ಯಾಂಕಿನ ಆ ಎರಡು ಮೀನುಗಳ ಜತೆಗೇ ಅಮ್ಮನ ಮಾತುಕತೆ. ಹೆಸರಿಟ್ಟಿದ್ದೂ ಅಮ್ಮನೇ.

ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಕಿಟ್ಟಿಯ ಕಿವಿರಿನ ಮುಚ್ಚಳದ ಮೇಲೆ ಉಪ್ಪಿನ ಕಾಳಿನಷ್ಟು ಬಿಳಿ ಚುಕ್ಕೆಗಳು. ರಾತ್ರಿ ಎರಡು ಗಂಟೆವರೆಗೆ ಓದಿ, ಇದು ವೈಟ್ ಸ್ಪಾಟ್ ಅಂತ ನಾನೇ ತೀರ್ಮಾನ ಮಾಡಿದೆ. ಅದೊಂದು ಪರಾವಲಂಬಿ ಜೀವಿ. ಮೀನಿನ ಚರ್ಮದೊಳಗೆ ಇರುವಾಗ ಔಷಧಿ ಅದಕ್ಕೆ ತಾಕಲ್ಲ. ಅಲ್ಲಿಂದ ತಳಕ್ಕೆ ಬಿದ್ದು, ಒಂದು ನೂರಾರಾಗಿ, ಹೊಸ ಮೀನು ಹುಡುಕಿಕೊಂಡು ಈಜುವಾಗ ಮಾತ್ರ ಸಾಯುತ್ತೆ. ನೀರು ಬಿಸಿ ಮಾಡಿದರೆ ಈ ಚಕ್ರ ಬೇಗ ಮುಗಿಯುತ್ತೆ. ಎಷ್ಟು ಚಂದದ ತರ್ಕ! ಹಿಂದೆ ಗಪ್ಪಿ ಸಾಕುವಾಗ ಕೊಂಡಿದ್ದ ಹೀಟರ್ ಹುಡುಕಿ 30 ಡಿಗ್ರಿಗೆ ಇಟ್ಟೆ. ಅಕ್ವೇರಿಯಂ ಅಂಗಡಿಯಿಂದ ಮಿಥಿಲೀನ್ ಬ್ಲೂ ತಂದು ಸುರಿದೆ. ಟ್ಯಾಂಕ್ ಪೂರ್ತಿ ಶಾಯಿ ಬಾಟಲಿ ಥರ ಆಯ್ತು. ಲಾಗ್ ನೋಡದೆ ಫಿಕ್ಸ್ ಹಾಕಬೇಡಿ ಅಂತ ಆಫೀಸಿನಲ್ಲಿ ಜೂನಿಯರ್‌ಗಳಿಗೆ ಬುದ್ಧಿ ಹೇಳೋನು ನಾನೇ.

ಶನಿವಾರ ಬೆಳಗ್ಗೆ ಪುಟ್ಟಿ ಮಗುಚಿಕೊಂಡು ತೇಲ್ತಿತ್ತು.

ಅಮ್ಮ ಅದನ್ನು ಪೇಪರ್‌ನಲ್ಲಿ ಸುತ್ತಿ ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಹೂತಳು. ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪನ ತಿಥಿಯಲ್ಲೂ ನಾಲ್ಕು ಜನರ ಜತೆ ಮಾತಾಡಿದ್ದ ಅಮ್ಮ, ಅವತ್ತು ಸಂಜೆವರೆಗೆ ಬಾಯಿ ಬಿಡಲಿಲ್ಲ. ನನಗೆ ನಿಜಕ್ಕೂ ಭಯ ಆಯ್ತು. ಮೀನು ಸಾಕುವ ನನ್ನ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವನು ಔಷಧಿ ಹೆಸರು ಕೇಳಲೇ ಇಲ್ಲ. "ಅಮೋನಿಯಾ ಎಷ್ಟಿದೆ?" ಅಂದ. ಅಳತೆ ಮಾಡಿರಲಿಲ್ಲ. "ಚುಕ್ಕೆ ಮೈ ಮೇಲೆ, ಬಾಲದ ಮೇಲೆ ಇದೆಯಾ?" ಇಲ್ಲ, ಕಿವಿರಿನ ಹತ್ತಿರ ಮಾತ್ರ. "ಹಾಗಾದ್ರೆ ಅದು ರೋಗ ಅಲ್ಲಪ್ಪ, ಗಂಡು. ಮರಿ ಮಾಡೋ ಕಾಲಕ್ಕೆ ಹಾಗೆ ಬರುತ್ತೆ."

ಪ್ರಾಯಕ್ಕೆ ಬಂದಿದ್ದಕ್ಕೆ ನಾನು ಔಷಧಿ ಹಾಕಿದ್ದೆ.

ಟೆಸ್ಟ್ ಕಿಟ್ ತಂದು ನೋಡಿದರೆ ಹಳದಿ ಇರಬೇಕಾದ ನೀರು ಹಸಿರಾಯ್ತು. ಸೊನ್ನೆ ಇರಬೇಕಾದ ಅಮೋನಿಯಾ 2 ಪಿಪಿಎಂ. ಮೀನು ಕಿವಿರಿನಿಂದ ಹೊರಹಾಕುವ ಅಮೋನಿಯಾವನ್ನು ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಬ್ಯಾಕ್ಟೀರಿಯಾ ಸತ್ತರೆ ಮೀನು ತನ್ನ ಹೊಲಸಿನಲ್ಲೇ ಉಸಿರಾಡಬೇಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷ ಜಾಸ್ತಿ. ನಾನು ಸುರಿದ ನೀಲಿ ಔಷಧಿ ಅಳಿದುಳಿದ ಬ್ಯಾಕ್ಟೀರಿಯಾಗೂ ಕೆಟ್ಟದ್ದು. ಅಂದ್ರೆ ಮೂರು ದಿನ ನಾನು ಮಾಡಿದ್ದೆಲ್ಲ ಉಲ್ಟಾ.

ಭಾನುವಾರ ಆ ಸ್ನೇಹಿತ ತನ್ನ ಟ್ಯಾಂಕಿನ ಹಳೇ ಸ್ಪಂಜಿನ ತುಂಡೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದ. ಕಂದು ಬಣ್ಣ, ಕೆಸರು ವಾಸನೆ. ಅಮ್ಮ ಮೂಗು ಮುಚ್ಚಿಕೊಂಡು, "ಈ ಕೊಳೆ ಯಾಕೋ ಒಳಗೆ ಹಾಕ್ತೀಯ?" ಅಂದಳು. "ಈ ಕೊಳೆನೇ ಔಷಧಿ ಕಣಮ್ಮ, ಇದರಲ್ಲಿ ಜೀವ ಇದೆ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಮ್ಮದರಲ್ಲೂ ಇತ್ತಾ?"

ಹೋದ ಭಾನುವಾರ ನಾವಿಬ್ಬರೂ ಸಿನಿಮಾಗೆ ಹೋಗಿದ್ದಾಗ ಅಮ್ಮ ಸ್ಪಂಜು ತೆಗೆದು, ನಲ್ಲಿ ಕೆಳಗೆ ಹಿಡಿದು, ಬೆಳ್ಳಗಾಗುವವರೆಗೆ ಉಜ್ಜಿದ್ದಳು. "ಗಬ್ಬು ಹಿಡಿದಿತ್ತು, ಪಾಪ ಅನ್ನಿಸ್ತು." ಉಜ್ಜಿ ಉಳಿದದ್ದನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತ್ತು. ಅದರಲ್ಲಿ ಏನಿರುತ್ತೆ ಅಂತ ಐದು ತಿಂಗಳಲ್ಲಿ ನಾನು ಒಂದು ಮಾತು ಹೇಳಿರಲಿಲ್ಲ. ರಾತ್ರಿ ಎರಡರವರೆಗೆ ಯಾರ್ಯಾರದೋ ಅನುಭವ ಓದಿದೆ, ಇಡೀ ದಿನ ಟ್ಯಾಂಕ್ ಮುಂದೆ ಕೂತಿರೋಳನ್ನ ಏನಾಯ್ತು ಅಂತ ಕೇಳಲಿಲ್ಲ.

"ಪುಟ್ಟಿ ನನ್ನಿಂದ ಹೋಯ್ತಾ?"

ಇಲ್ಲ ಅಂತ ಸುಳ್ಳು ಹೇಳಬಹುದಿತ್ತು. ಅಮ್ಮನಿಗೆ ಗೊತ್ತಾಗುತ್ತಿತ್ತು. "ಅರ್ಧ ನಿನ್ನಿಂದ, ಅರ್ಧ ನನ್ನಿಂದ" ಅಂದೆ. ಸ್ನೇಹಿತ ಗೋಡೆ ನೋಡ್ತಾ ನಿಂತಿದ್ದ. ಅಮ್ಮ ಕಣ್ಣೊರೆಸಿಕೊಂಡು, "ಸರಿ, ಈಗೇನು ಮಾಡ್ಬೇಕು ಹೇಳು" ಅಂದಳು.

ಹೀಟರ್ ತೆಗೆದೆವು, ಗಾಳಿಗೆ ಇನ್ನೊಂದು ಏರ್ ಪಂಪ್ ಹಾಕಿದೆವು. ಎರಡು ದಿನ ಊಟ ಬಂದ್. ದಿನಾ ಅರ್ಧ ನೀರು ತೆಗೆದು, ಕ್ಲೋರಿನ್ ತೆಗೆಯುವ ಹನಿ ಹಾಕಿದ ಹೊಸ ನೀರು ತುಂಬಿಸೋದು. ಜತೆಗೆ ಸ್ವಲ್ಪ ಕಲ್ಲುಪ್ಪು. ಅದರಲ್ಲಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ಹೋಗದಂತೆ ತಡೆಯುತ್ತೆ. ಬಕೆಟ್ ಎತ್ತೋದು ನನ್ನ ಕೆಲಸ. ಟೆಸ್ಟ್ ಮಾಡೋದು ಅಮ್ಮನದು. ಕನ್ನಡಕ ಹಾಕಿಕೊಂಡು, ಟ್ಯೂಬನ್ನು ಬಿಳಿ ಗೋಡೆಗೆ ಹಿಡಿದು, ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಅಮೋನಿಯಾ ಬರೀತಿದ್ದಳು. ಮೂರನೇ ವಾರಕ್ಕೆ ಬಣ್ಣ ಹಳದಿಯಲ್ಲೇ ನಿಂತಿತು.

ನಡುವೆ ಇನ್ನೊಂದು ಗಾಬರಿ. ಕಿಟ್ಟಿಯ ಬಾಯಿಯ ಪಕ್ಕ, ರೆಕ್ಕೆಯ ಅಂಚಿನಲ್ಲಿ ಕಪ್ಪು ಕಲೆ. ಈ ಸಲ ಔಷಧಿ ಅಂಗಡಿಗೆ ಓಡದೆ ಸ್ನೇಹಿತನಿಗೆ ಫೋಟೋ ಕಳಿಸಿದೆ. ಅಮೋನಿಯಾದಿಂದ ಸುಟ್ಟ ಜಾಗ ವಾಸಿಯಾಗುವಾಗ ಹಾಗೆ ಕಪ್ಪಾಗುತ್ತಂತೆ, ಮೆಲ್ಲಗೆ ಹೋಗುತ್ತಂತೆ. "ದೃಷ್ಟಿ ಬೊಟ್ಟು ಇಟ್ಟ ಹಾಗಿದೆ, ಇರಲಿ ಬಿಡು" ಅಂದಳು ಅಮ್ಮ.

ಈಗ ತಿಂಗಳಿಗೊಮ್ಮೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಅದ್ದಿ ಹಿಂಡಿ ವಾಪಸ್ ಹಾಕ್ತಾಳೆ. ಪ್ರತಿ ಸಲವೂ ಆ ಕಂದು ಸ್ಪಂಜನ್ನು ನನ್ನ ಮುಖದ ಹತ್ತಿರ ಹಿಡಿದು ಕೇಳ್ತಾಳೆ: "ಇದನ್ನ ತೊಳೆದದ್ದು ಅಂತಾರೇನೋ?"